ಮರಳುಗಾಡಿನ ನಡುವೆ ತಣ್ಣನೆಯ ಹೊಳೆದಂಡೆ



ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಕನ್ನಡ ಸಮಯಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಭಾವಗೀತೆಯ ಕೋರಿಕೆಗಳು ಕಡಿಮೆಯಾಗಿ, ಊರಿಗೆ ಹೋಗುವ ರೈಲು, ಮಕ್ಕಳ ಮನೆಗೆ ಹೋಗುವ ವಿಮಾನದ ಮಾತು ಹೆಚ್ಚಾಗುತ್ತದೆ. ಮಾಟುಂಗಾದ ಹಿರಿಯ ಕೇಳುಗರೊಬ್ಬರು ಹೀಗೆ ಕೇಳಿದ್ದಾರೆ: "ಜೂನ್ ತಿಂಗಳಲ್ಲಿ ಮಗಳ ಮನೆಗೆ ಅರಿಜೋನಾಕ್ಕೆ ಹೊರಟಿದ್ದೇವೆ. ಮರಳುಗಾಡಿನ ನಡುವೆ ತಣ್ಣನೆಯ ಹೊಳೆ ಇದೆ, ಬೀಚ್ ಇದೆ, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗೋಣ ಅಂತ ಅಳಿಯಂದಿರು ಹೇಳುತ್ತಿದ್ದಾರೆ. ಅಷ್ಟು ಬಿಸಿಲಿನಲ್ಲಿ ಹೊಳೆ ತಣ್ಣಗೆ ಹೇಗಿರುತ್ತದೆ ಸ್ವಾಮಿ?"

ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಿದ್ದರೆ ಆ ದಂಡೆಯ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದೂ ತಾನಾಗಿಯೇ ಗೊತ್ತಾಗುತ್ತದೆ. ಹಾಗಾಗಿ ಎರಡು ಮಾತಿನಲ್ಲಿ ಮುಗಿಸದೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಅಳಿಯಂದಿರು ಹೇಳಿದ ಜಾಗದ ಹೆಸರು ಲೀಸ್ ಫೆರಿ. ಅರಿಜೋನಾ ರಾಜ್ಯದ ಉತ್ತರ ತುದಿಯಲ್ಲಿ, ಕೊಲೊರಾಡೊ ನದಿಯ ದಂಡೆಯಲ್ಲಿದೆ. ನಮ್ಮವರು ಅಮೆರಿಕಕ್ಕೆ ಹೋದಾಗ ಆಂಟಿಲೋಪ್ ಕ್ಯಾನ್ಯನ್, ಹಾರ್ಸ್‌ಶೂ ಬೆಂಡ್ ನೋಡಲು ಪೇಜ್ ಎಂಬ ಊರಿಗೆ ಹೋಗುತ್ತಾರಲ್ಲ, ಅಲ್ಲಿಂದ ರಸ್ತೆಯಲ್ಲಿ ಸುಮಾರು 70 ಕಿಲೋಮೀಟರ್. ಕುದುರೆ ಲಾಳದ ಆಕಾರದಲ್ಲಿ ಕೆಂಪು ಬಂಡೆಯನ್ನು ಸುತ್ತಿ ಹರಿಯುವ ಹಸಿರು ನದಿಯ ಫೋಟೋ ನಿಮ್ಮ ಮನೆಯ ಯಾರದೋ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ಆ ಫೋಟೋವನ್ನು ಸುಮಾರು 300 ಮೀಟರ್ ಎತ್ತರದ ಬಂಡೆಯ ಅಂಚಿನಿಂದ ತೆಗೆಯುತ್ತಾರೆ. ಅದೇ ನೀರು ಕೆಳಗೆ ಹರಿದು ಲೀಸ್ ಫೆರಿಗೆ ಬಂದಾಗ, ನೀವು ಕಾರಿನಿಂದಿಳಿದು ನಾಲ್ಕು ಹೆಜ್ಜೆ ನಡೆದು ಮುಟ್ಟಬಹುದು. ನೂರಾರು ಕಿಲೋಮೀಟರ್ ಉದ್ದದ ಆ ಕಣಿವೆಗಳ ನಾಡಿನಲ್ಲಿ ಕಾರು ನದಿಯ ಅಂಚಿನವರೆಗೆ ಹೋಗಬಹುದಾದ ಜಾಗಗಳು ಬೆರಳೆಣಿಕೆಯಷ್ಟು. ಎರಡೂ ಕಡೆ ಕಡಿದಾದ ಬಂಡೆಗೋಡೆ ಇರುವ ನದಿಗೆ ಇಲ್ಲಿ ಮಾತ್ರ ಸ್ವಲ್ಪ ಬಾಗಿಲು ತೆರೆದಂತಿದೆ.

ಆ ಕಾರಣಕ್ಕೇ 1870ರ ದಶಕದಲ್ಲಿ ಜಾನ್ ಡಿ. ಲೀ ಎಂಬಾತ ಇಲ್ಲಿ ದೋಣಿ ಕಡವು ಶುರುಮಾಡಿದ. ಊರಿನ ಹೆಸರು ಅವನದೇ. ಹಾಗೆಂದು ಪುಣ್ಯಾತ್ಮನೇನಲ್ಲ. 1857ರ ಒಂದು ಸಾಮೂಹಿಕ ಕೊಲೆಯ ಪ್ರಕರಣದಲ್ಲಿ 1877ರಲ್ಲಿ ಅವನಿಗೆ ಮರಣದಂಡನೆಯಾಯಿತು. 1929ರಲ್ಲಿ ಹತ್ತಿರದಲ್ಲೇ ನವಾಹೊ ಸೇತುವೆ ಬಂದ ಮೇಲೆ ಕಡವಿಗೆ ಕೆಲಸವಿಲ್ಲದಾಯಿತು. ಈಗ ಗ್ರ್ಯಾಂಡ್ ಕ್ಯಾನ್ಯನ್ನಿನೊಳಗೆ ರಬ್ಬರ್ ತೆಪ್ಪಗಳಲ್ಲಿ ಹೋಗುವವರು ಹೊರಡುವುದು ಇಲ್ಲಿಂದಲೇ. ಕಣಿವೆಯ ಮೈಲಿಗಳನ್ನು ಎಣಿಸುವುದೂ ಇಲ್ಲಿಂದಲೇ. ಲೀಸ್ ಫೆರಿ ಎಂದರೆ ಸೊನ್ನೆ ಮೈಲಿ.

ಇನ್ನು ತಂಪಿನ ವಿಷಯ.

ಹಳ್ಳಿಯ ಬಾವಿಯಲ್ಲಿ ಈಜು ಕಲಿತವರಿಗೆ ಇದು ಚೆನ್ನಾಗಿ ಗೊತ್ತು. ಬೇಸಿಗೆಯ ಮಧ್ಯಾಹ್ನ ಬಾವಿಗೆ ಹಾರಿದರೆ ಮೇಲಿನ ನೀರು ಉಗುರುಬೆಚ್ಚಗೆ ಇರುತ್ತದೆ. ತಳದ ಕಡೆಗೆ ಹೋದ ಕಾಲುಗಳಿಗೆ ಮಾತ್ರ ಚುಳ್ಳೆಂದು ಚಳಿ ತಾಗುತ್ತದೆ. ಬಿಸಿಲು ಕಾಯಿಸುವುದು ಮೇಲ್ಪದರವನ್ನು. ಬೆಚ್ಚಗಿನ ನೀರು ಹಗುರ, ತಣ್ಣನೆಯದು ಭಾರ. ಹಾಗಾಗಿ ಎರಡೂ ಬೇಗ ಬೆರೆಯುವುದಿಲ್ಲ.

ಲೀಸ್ ಫೆರಿಯಿಂದ ನದಿಯ ಹಾದಿಯಲ್ಲಿ ಸುಮಾರು 25 ಕಿಲೋಮೀಟರ್ ಮೇಲಕ್ಕೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಇದೆ. 216 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ. 1963ರಲ್ಲಿ ಅದು ನೀರು ತಡೆಯಲು ಆರಂಭಿಸಿತು, ಹಿಂದೆ ಪೊವೆಲ್ ಸರೋವರ ತುಂಬಿಕೊಂಡಿತು. ಈ ಸರೋವರವನ್ನು ಒಂದು ದೊಡ್ಡ ಬಾವಿ ಎಂದುಕೊಳ್ಳಿ. ವಿದ್ಯುತ್ ಯಂತ್ರಗಳಿಗೆ ನೀರು ಒಯ್ಯುವ ಕೊಳವೆಗಳ ಬಾಯಿ ಸರೋವರ ತುಂಬಿದ್ದಾಗ ಮೇಲ್ಮೈಯಿಂದ ಸುಮಾರು 70 ಮೀಟರ್ ಕೆಳಗಿರುತ್ತದೆ. ಅಷ್ಟು ಆಳಕ್ಕೆ ಜೂನ್ ತಿಂಗಳ ಬಿಸಿಲು ಮುಟ್ಟುವುದೇ ಇಲ್ಲ. ಹಾಗೆ ತಳದಿಂದ ಹೊರಬಿದ್ದ ನೀರು ದಶಕಗಳ ಕಾಲ ವರ್ಷವಿಡೀ 8ರಿಂದ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇತ್ತು. ದೆಹಲಿಯ ಕೇಳುಗರು ಜನವರಿಯ ಮುಂಜಾನೆ ನಲ್ಲಿ ತಿರುಗಿಸಿದಾಗ ಬರುವ ನೀರನ್ನು ನೆನೆಸಿಕೊಳ್ಳಲಿ. ಅದಕ್ಕಿಂತಲೂ ಒಂದು ಕೈ ಮೇಲು. ಲೀಸ್ ಫೆರಿಗೆ ಆ ನೀರು ಕೆಲವೇ ಗಂಟೆಗಳಲ್ಲಿ ಬಂದುಬಿಡುತ್ತದೆ. ದಾರಿಯಲ್ಲಿ ಬಿಸಿಯಾಗಲು ಸಮಯವೆಲ್ಲಿ? ದಂಡೆಯ ಮೇಲೆ 40 ದಾಟಿದ ಬಿಸಿಲು, ಅಂಗಾಲು ಸುಡುವ ಮರಳು. ಎರಡು ಹೆಜ್ಜೆ ಆಚೆಗೆ ಫ್ರಿಜ್ಜಿನ ನೀರು.

ಅಣೆಕಟ್ಟು ಬರುವ ಮೊದಲು ಈ ನದಿ ಹೀಗಿರಲಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟುವಷ್ಟು ತಣ್ಣಗೆ, ಬೇಸಿಗೆಯಲ್ಲಿ 25 ಡಿಗ್ರಿಯನ್ನೂ ಮೀರಿ ಬೆಚ್ಚಗೆ, ಕೆಮ್ಮಣ್ಣು ಕಲಸಿದ ಬಣ್ಣದಲ್ಲಿ ಹರಿಯುತ್ತಿತ್ತು. ಕೊಲೊರಾಡೊ ಎಂಬ ಸ್ಪ್ಯಾನಿಷ್ ಹೆಸರಿನ ಅರ್ಥವೇ ಕೆಂಪು ಬಣ್ಣದ್ದು ಎಂದು. ಹಾರ್ಸ್‌ಶೂ ಬೆಂಡಿನ ಆ ಹಸಿರು, ಮಣ್ಣೆಲ್ಲ ಸರೋವರದ ತಳದಲ್ಲಿ ಉಳಿದು ತಿಳಿನೀರು ಮಾತ್ರ ಮುಂದೆ ಬಂದುದರಿಂದ ಆದದ್ದು. ನೋಡಲು ಚೆಂದ, ಒಪ್ಪೋಣ. ಆದರೆ ನದಿಯ ಮೂಲ ಬಣ್ಣ ಅದಲ್ಲ.

ಇಲ್ಲಿ ಒಂದು ತಿದ್ದುಪಡಿ ಅಗತ್ಯ, ಏಕೆಂದರೆ ಹಳೆಯ ಪ್ರವಾಸಿ ಪುಸ್ತಕಗಳಲ್ಲಿ "ಸದಾ 8 ಡಿಗ್ರಿ" ಎಂದೇ ಇರುತ್ತದೆ. 2000ದಿಂದೀಚೆಗೆ ಆ ನಾಡಿನಲ್ಲಿ ದೀರ್ಘ ಬರ. ಪೊವೆಲ್ ಸರೋವರ ಇಳಿಯುತ್ತ ಹೋಗಿ, 2023ರ ಆರಂಭದಲ್ಲಿ ಕೊಳವೆಗಳ ಬಾಯಿಗಿಂತ ಸುಮಾರು 15 ಮೀಟರ್ ಮೇಲೆ ಮಾತ್ರ ನೀರಿತ್ತು. ಬಾವಿಯಲ್ಲಿ ನೀರು ಇಳಿದರೆ ಬೆಚ್ಚಗಿನ ಮೇಲ್ಪದರ ಕೊಳವೆಯ ಹತ್ತಿರಕ್ಕೆ ಬಂದ ಹಾಗೆ. 2022ರ ಬೇಸಿಗೆಯ ಕೊನೆಗೆ ಲೀಸ್ ಫೆರಿಯಲ್ಲಿ ನೀರು 20 ಡಿಗ್ರಿಯವರೆಗೂ ಏರಿತು. ಸ್ನಾನಕ್ಕೆ ಒಳ್ಳೆಯದಾಯಿತಲ್ಲ ಎನ್ನಬೇಡಿ. ಸರೋವರದಲ್ಲಿದ್ದ ಸ್ಮಾಲ್‌ಮೌತ್ ಬಾಸ್ ಎಂಬ ಹೊರಗಿನ ಬೇಟೆ ಮೀನು ಅಣೆಕಟ್ಟು ದಾಟಿ ಕೆಳಗೆ ಬಂದು, ಆ ಬೆಚ್ಚನೆಯ ನೀರಿನಲ್ಲಿ ಮರಿಮಾಡಲು ಶುರುಮಾಡಿತು. ಕೆಳಗಿನ ಕಣಿವೆಯಲ್ಲಿರುವ ಹಂಪ್‌ಬ್ಯಾಕ್ ಚಬ್ ಎಂಬ ಅಪರೂಪದ ಸ್ಥಳೀಯ ಮೀನಿಗೆ ಅದು ಕಂಟಕ. ಹಾಗಾಗಿ 2024ರ ಬೇಸಿಗೆಯಿಂದ ಆ ವರ್ಷದ ಶರತ್ಕಾಲದವರೆಗೆ ಅಣೆಕಟ್ಟಿನ ಇನ್ನೂ ಕೆಳಗಿನ ತೂಬುಗಳಿಂದ ತಣ್ಣೀರು ಬಿಟ್ಟು, ಬೇಕೆಂದೇ ನದಿಯನ್ನು ತಂಪು ಮಾಡಿದರು. ಅಂದರೆ ಇಂದು ಲೀಸ್ ಫೆರಿಯ ನೀರು ಎಷ್ಟು ತಣ್ಣಗಿರುತ್ತದೆ ಎನ್ನುವುದು ಆ ವರ್ಷ ಸರೋವರದಲ್ಲಿ ಎಷ್ಟು ನೀರಿದೆ, ಯಾವ ತೂಬು ತೆರೆದಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಅಲ್ಲಿ 1921ರಿಂದ ನದಿಯ ಅಳತೆ ಮಾಡುವ ಕೇಂದ್ರವೊಂದಿದೆ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆ ಇಲಾಖೆ ಅದರ ಅಂಕಿಗಳನ್ನು ಅಂತರಜಾಲದಲ್ಲಿ ಹಾಕುತ್ತದೆ. ಹೊರಡುವ ಮುನ್ನ ಅಳಿಯಂದಿರು ನೋಡಿಕೊಂಡರೆ ಸಾಕು.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ಈ ತಂಪು ಪ್ರಾಣಕ್ಕೆ ಎರವಾಗಬಲ್ಲದು.

ಬಿಸಿಲಿನಲ್ಲಿ ಬೆಂದು ಬಂದವರಿಗೆ ನೀರು ಕಂಡೊಡನೆ ಒಮ್ಮೆಲೇ ಧುಮುಕಬೇಕೆನಿಸುತ್ತದೆ. ಮನುಷ್ಯ ಸಹಜ. ಆದರೆ ಸುಮಾರು 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಮೈ ಏಕಾಏಕಿ ಬಿದ್ದರೆ, ನಾವು ಬೇಡವೆಂದರೂ ಬಾಯಿ ತೆರೆದು ಒಮ್ಮೆ ಜೋರಾಗಿ ಉಸಿರು ಎಳೆದುಕೊಳ್ಳುತ್ತೇವೆ. ತಣ್ಣೀರ ಚೊಂಬನ್ನು ಬೆನ್ನ ಮೇಲೆ ಸುರಿದರೆ "ಹಾ!" ಎನ್ನುತ್ತೇವಲ್ಲ, ಅದೇ, ಅದರ ಹತ್ತು ಪಟ್ಟು. ಆ ಕ್ಷಣ ತಲೆ ನೀರೊಳಗಿದ್ದರೆ ಎಳೆದುಕೊಳ್ಳುವುದು ಗಾಳಿಯನ್ನಲ್ಲ, ನೀರನ್ನು. ಬಳಿಕ ಒಂದೆರಡು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಹೃದಯದ ಬಡಿತ, ರಕ್ತದೊತ್ತಡ ಎರಡೂ ಏರುತ್ತವೆ. ಈಜು ಎಷ್ಟು ಚೆನ್ನಾಗಿ ಬಂದರೂ ಈ ಮೊದಲ ನಿಮಿಷದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಮುಂಬಯಿಯ ಅಥವಾ ಚೆನ್ನೈಯ ಬೆಚ್ಚನೆಯ ಈಜುಕೊಳದಲ್ಲಿ ಪದಕ ಗೆದ್ದ ಮೊಮ್ಮಗನಿಗೂ ಈ ಮಾತು ಅನ್ವಯ.

ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ತಣ್ಣೀರಿನಲ್ಲಿ ದೇಹಕ್ಕೆ ಏನಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು, ತಾವೇ ಹಿಮದ ನೀರಿಗೆ ಇಳಿದು ತೋರಿಸಿದವರು. ಅವರು ಹೇಳಿಕೊಡುವ ಲೆಕ್ಕ ಒಂದು, ಹತ್ತು, ಒಂದು. ಉಸಿರು ಹದಕ್ಕೆ ಬರಲು ಒಂದು ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು ಹತ್ತು ನಿಮಿಷ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಇದು ಹಿಮದಂಥ ನೀರಿಗೆ ಹೇಳಿದ ಲೆಕ್ಕ. ಲೀಸ್ ಫೆರಿಯಲ್ಲಿ ಸಮಯ ಸ್ವಲ್ಪ ಹೆಚ್ಚು ಸಿಗಬಹುದು, ಆದರೆ ಕ್ರಮ ಇದೇ. ಚಳಿಯಿಂದ ಸಾಯುವುದು ಕೊನೆಯ ಮಾತು. ಬಹಳಷ್ಟು ಜನ ಅದಕ್ಕಿಂತ ಬಹಳ ಮೊದಲೇ, ಮೊದಲ ನಿಮಿಷದಲ್ಲೋ ಹತ್ತನೆಯ ನಿಮಿಷದಲ್ಲೋ ಮುಳುಗುತ್ತಾರೆ. ಹೊಳೆಯ ಮಧ್ಯದ ಸೆಳೆತ ಬೇರೆ ಇದೆ. ದಂಡೆಯಿಂದ ನೋಡಿದರೆ ನೀರು ಸುಮ್ಮನೆ ಜಾರುತ್ತಿರುವಂತೆ ಕಾಣುತ್ತದೆ, ಅಷ್ಟೆ.

ಹಾಗಾದರೆ ನೀರಿಗೆ ಇಳಿಯಲೇಬಾರದೆ? ಇಳಿಯಬಹುದು. ದಂಡೆಯಲ್ಲಿ ಕುಳಿತು ಮೊದಲು ಪಾದ ಇಡಿ, ಆಮೇಲೆ ಮೊಣಕಾಲಿನವರೆಗೆ ಹೋಗಿ. ಕೈ, ಮುಖ, ಕತ್ತಿಗೆ ನೀರು ಹಚ್ಚಿಕೊಳ್ಳಿ. ಅಷ್ಟಕ್ಕೇ ಬಿಸಿಲಿನ ದಣಿವೆಲ್ಲ ಇಳಿಯುತ್ತದೆ. ನನ್ನ ಮಟ್ಟಿಗೆ ಲೀಸ್ ಫೆರಿಯ ಸುಖ ಮೊಣಕಾಲಿನ ಆಳದಲ್ಲೇ ಮುಗಿಯಬೇಕು. ಅಲ್ಲಿ ಈಜುವ ಆಸೆ ಬೇಡ. ಜೀವರಕ್ಷಕರು ಯಾರೂ ಇರುವುದಿಲ್ಲ. ಮಕ್ಕಳಿಗೆ ನೀರಿನ ಹತ್ತಿರ ಇರುವಷ್ಟು ಹೊತ್ತೂ ಲೈಫ್ ಜಾಕೆಟ್ ಇರಲಿ, ದೋಣಿ ಹತ್ತಿದರೆ ದೊಡ್ಡವರಿಗೂ ಇರಲಿ. ಹವಾಯಿ ಚಪ್ಪಲಿ ಬೇಡ. ಕಲ್ಲಿನ ಮೇಲೆ ಜಾರುತ್ತದೆ, ಸೆಳೆತಕ್ಕೆ ಕಳಚಿಹೋಗುತ್ತದೆ, ಅದನ್ನು ಹಿಡಿಯಲು ಹೋಗಿಯೇ ಅನಾಹುತ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ. ಹೃದಯದ ತೊಂದರೆ, ರಕ್ತದೊತ್ತಡ ಇರುವ ಹಿರಿಯರು ಪಾದ ನೆನೆಸುವುದಕ್ಕಿಂತ ಹೆಚ್ಚಿಗೆ ಹೋಗುವುದಾದರೆ ವೈದ್ಯರನ್ನು ಮೊದಲೇ ಕೇಳಿಕೊಂಡಿರಿ.

ಯಾರಾದರೂ ಜಾರಿ ಬಿದ್ದರೆ? ಬಿದ್ದವರು ತಕ್ಷಣ ಈಜಲು ಹೋಗಬಾರದು. ಮುಖ ಮೇಲೆ ಮಾಡಿ ತೇಲುತ್ತ, ಉಸಿರು ಹದಕ್ಕೆ ಬರುವವರೆಗೆ ಕಾದು, ಆಮೇಲೆ ದಡದ ಕಡೆ ಬರಬೇಕು. ದಡದಲ್ಲಿರುವವರು ನೀರಿಗೆ ಹಾರಲೇಬಾರದು. ಹಗ್ಗ, ದುಪಟ್ಟಾ, ಖಾಲಿ ನೀರಿನ ಕ್ಯಾನು, ಐಸ್ ಡಬ್ಬಿ, ತೇಲುವಂಥದ್ದು ಏನು ಸಿಕ್ಕಿದರೂ ಎಸೆಯಿರಿ. ತಲಕಾಡು, ಮುತ್ತತ್ತಿ ಕಡೆಯಿಂದ ಬೇಸಿಗೆಯಲ್ಲಿ ಬರುವ ಸುದ್ದಿಗಳನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಕಾಲು ಜಾರುತ್ತಾರೆ. ಅವರನ್ನು ಎಳೆಯಲು ಹೋದ ಅಣ್ಣ, ಅವನನ್ನು ಹಿಡಿಯಲು ಹೋದ ಚಿಕ್ಕಪ್ಪ, ಹೀಗೆ ಒಂದು ಮನೆಯವರೇ ಹೋಗಿಬಿಡುತ್ತಾರೆ. ಕಾವೇರಿಯ ಬೆಚ್ಚನೆಯ ನೀರಿನಲ್ಲೇ ಹಾಗಾದರೆ ಇಲ್ಲಿ ಹೇಳುವುದೇನು.

ಇನ್ನೊಂದು ಸಂಗತಿ. ಮಳೆ ಬೀಳದಿದ್ದರೂ ಈ ನದಿ ದಿನವೂ ಏರುತ್ತದೆ, ಇಳಿಯುತ್ತದೆ. ಕೆಆರ್‌ಎಸ್‌ನ ಹೊರಹರಿವಿನ ಸುದ್ದಿ ಕೇಳಿ ಬೆಳೆದ ನಮಗೆ ಕ್ಯೂಸೆಕ್ ಲೆಕ್ಕ ಹೊಸದಲ್ಲ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಿಂದ ಸಾಮಾನ್ಯ ದಿನಗಳಲ್ಲಿ 5,000ದಿಂದ 25,000 ಕ್ಯೂಸೆಕ್ ಒಳಗೆ ನೀರು ಬಿಡಬೇಕೆಂದು ನಿಯಮವಿದೆ. ಜನ ಏಸಿ ಹಾಕಿ ವಿದ್ಯುತ್ ಬೇಡಿಕೆ ಹೆಚ್ಚಿದಾಗ ನೀರು ಹೆಚ್ಚು ಬಿಡುತ್ತಾರೆ, ರಾತ್ರಿ ಕಡಿಮೆ ಮಾಡುತ್ತಾರೆ. ಗಂಟೆಗೆ 4,000 ಕ್ಯೂಸೆಕ್‌ಗಿಂತ ಹೆಚ್ಚು ಏರಿಸುವಂತಿಲ್ಲ ಎಂಬ ಮಿತಿಯೂ ಇದೆ. ಆದ್ದರಿಂದ ಗೋಡೆಯಂತೆ ನೀರು ನುಗ್ಗುವ ಭಯವಿಲ್ಲ. ಆದರೆ ಜುಹೂ ಕಡಲಿನ ಭರತದ ಹಾಗೆ ಸದ್ದಿಲ್ಲದೆ ಏರುತ್ತದೆ. ನೀರಂಚಿನಲ್ಲಿ ಚಾಪೆ ಹಾಸಿ, ಮೊಸರನ್ನದ ಡಬ್ಬಿ, ಪಾಸ್‌ಪೋರ್ಟಿನ ಚೀಲ ಇಟ್ಟು ಸುತ್ತಾಡಲು ಹೋಗಬೇಡಿ. ಹಸಿ ಮರಳಿನ ಗೆರೆ ಎಲ್ಲಿಯವರೆಗಿದೆ ನೋಡಿ, ಅದಕ್ಕಿಂತ ಮೇಲೆ ಕುಳಿತುಕೊಳ್ಳಿ.

ಕುಳಿತುಕೊಳ್ಳುವ ಆ ಮರಳಿನ ಕಥೆಯೂ ಸ್ವಾರಸ್ಯವಾಗಿದೆ. ಹಿಂದೆ ನದಿ ಹೊತ್ತು ತರುತ್ತಿದ್ದ ಮರಳಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಈಗ ಅಣೆಕಟ್ಟಿನ ಹಿಂದೆಯೇ ಉಳಿಯುತ್ತದೆ. ಕೆಳಗಿನ ಕಣಿವೆಯ ದಂಡೆಗಳು ಕರಗುತ್ತಲೇ ಇವೆ. ಲೀಸ್ ಫೆರಿಯ ಹತ್ತಿರ ಪರಿಯಾ ಎಂಬ ಚಿಕ್ಕ ಹೊಳೆ ಬಂದು ಸೇರುತ್ತದೆ. ಮಳೆಗಾಲದಲ್ಲಿ ಅದು ಕೆಸರು, ಮರಳು ತಂದು ಹಾಕುತ್ತದೆ. ಹಸಿರು ನೀರಿಗೆ ಕೆಂಪು ನೀರು ಸೇರುವ ಆ ಜಾಗದ ದಂಡೆಗೆ ಪರಿಯಾ ಬೀಚ್ ಎಂದೇ ಹೆಸರು. ತಳದಲ್ಲಿ ಬಿದ್ದ ಈ ಮರಳನ್ನು ಎತ್ತಿ ದಡಕ್ಕೆ ಹಾಕಲು ಅಣೆಕಟ್ಟಿನಿಂದ ಕೃತಕ ಪ್ರವಾಹ ಬಿಡುವ ಪ್ರಯೋಗ 1996ರಲ್ಲಿ ಮೊದಲಾಯಿತು. ಏಳು ದಿನ, 45,000 ಕ್ಯೂಸೆಕ್. ಆಮೇಲೆಯೂ ಹಲವು ಸಲ ಮಾಡಿದ್ದಾರೆ, 2023ರ ಏಪ್ರಿಲ್‌ನಲ್ಲೂ ಮಾಡಿದರು. ಪ್ರವಾಹ ಇಳಿದ ಮೇಲೆ ದಂಡೆಗಳು ಎದ್ದು ಕಾಣುತ್ತವೆ, ಕೆಲವು ತಿಂಗಳಲ್ಲಿ ಮತ್ತೆ ಸವೆಯತೊಡಗುತ್ತವೆ. ಗುಡಿಸಿದಷ್ಟೂ ಕಸ ಬೀಳುವ ಅಂಗಳದ ಕೆಲಸದ ಹಾಗೆ. ಇಲ್ಲಿ ಮಾತ್ರ ಹಾಕಿದಷ್ಟೂ ಹೋಗುತ್ತದೆ.

ಯಾವಾಗ ಹೋಗಬೇಕು? ಕೈಯಲ್ಲಿ ಆಯ್ಕೆಯಿದ್ದರೆ ಏಪ್ರಿಲ್ ಇಲ್ಲವೇ ಅಕ್ಟೋಬರ್. ಜೂನ್‌ನಲ್ಲೇ ಹೋಗಬೇಕಾದರೆ ಬೆಳಿಗ್ಗೆ ಬೇಗ ಅಥವಾ ಸಂಜೆ. ಹತ್ತರಿಂದ ನಾಲ್ಕರವರೆಗೆ ಆ ಬಂಡೆಗಳ ನಡುವೆ ನಡೆದಾಡುವುದು ಜಾಣತನವಲ್ಲ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅರಿಜೋನಾಕ್ಕೂ ಮಳೆಗಾಲವಿದೆ. ಅವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಆ ದಿನಗಳಲ್ಲಿ ಪರಿಯಾದಂಥ ಕಿರುಹೊಳೆಗಳ ಒಣ ಪಾತ್ರದಲ್ಲಿ, ಇಕ್ಕಟ್ಟಾದ ಕೊರಕಲುಗಳಲ್ಲಿ ಕಾಲಿಡುವ ಮುನ್ನ ಅಂದಿನ ಎಚ್ಚರಿಕೆ ಕೇಳಿಕೊಳ್ಳಲೇಬೇಕು. 1997ರ ಆಗಸ್ಟ್ 12ರಂದು ಆಂಟಿಲೋಪ್ ಕ್ಯಾನ್ಯನ್ನಿನ ಕೆಳಭಾಗದಲ್ಲಿ 11 ಪ್ರವಾಸಿಗರು ಪ್ರವಾಹಕ್ಕೆ ಸಿಕ್ಕಿ ಸತ್ತರು. ಮಳೆ ಬಿದ್ದದ್ದು ಅಲ್ಲಲ್ಲ, ಮೈಲಿಗಳಾಚೆ.

ದಂಡೆಯಲ್ಲಿ ಕೂರುವುದರ ಜೊತೆಗೆ ಮಾಡಲು ಇನ್ನೂ ಕೆಲವಿವೆ. ಬೆಳಿಗ್ಗೆ ಹೋದರೆ ರಬ್ಬರ್ ತೆಪ್ಪಗಳಿಗೆ ವಾರಗಟ್ಟಲೆಯ ಸಾಮಾನು ಕಟ್ಟಿ ಗ್ರ್ಯಾಂಡ್ ಕ್ಯಾನ್ಯನ್ನಿಗೆ ಹೊರಡುವವರ ಸಡಗರ ನೋಡಬಹುದು. ನಮ್ಮ ಜಾತ್ರೆ ಗಾಡಿ ಹೊರಡುವ ಹಾಗೆಯೇ ಇರುತ್ತದೆ. ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಹೋಗುವ ಉತ್ಸಾಹವಿರುವ ಯುವಕರನ್ನು ಮೋಟಾರ್ ದೋಣಿಯವರು ಅಣೆಕಟ್ಟಿನ ಕಡೆಗೆ ಒಯ್ದು ಬಿಡುತ್ತಾರೆ. ಅಲ್ಲಿಂದ ಹರಿವಿನ ಜೊತೆ ತೇಲಿಕೊಂಡು ಹಾರ್ಸ್‌ಶೂ ಬೆಂಡ್ ಸುತ್ತಿ ಲೀಸ್ ಫೆರಿಗೆ ಬರಬಹುದು. ದಾರಿಯಲ್ಲಿ ಬಂಡೆಯ ಮೇಲೆ ಪುರಾತನ ಜನ ಕೆತ್ತಿದ ಚಿತ್ರಗಳಿವೆ. ಹಿರಿಯರಿಗೆ ನವಾಹೊ ಸೇತುವೆಯೇ ಸಾಕು. 1995ರಲ್ಲಿ ಪಕ್ಕದಲ್ಲಿ ಹೊಸ ಸೇತುವೆ ಬಂದ ಮೇಲೆ ಹಳೆಯದನ್ನು ನಡೆದಾಡುವವರಿಗೆ ಬಿಟ್ಟಿದ್ದಾರೆ. ಅದೃಷ್ಟವಿದ್ದರೆ ಅಲ್ಲಿ ಕ್ಯಾಲಿಫೋರ್ನಿಯಾ ಕಾಂಡರ್ ಎಂಬ ಬೃಹತ್ ರಣಹದ್ದು ಕಾಣುತ್ತದೆ. ನಮ್ಮ ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳ ಹಾಗೆ ಅಳಿವಿನ ಅಂಚಿನಲ್ಲಿರುವ ಪಕ್ಷಿ.

ಆ ಸೇತುವೆಯ ಬಳಿ ಗಡಿಯಾರದ ಬಗ್ಗೆ ಸ್ವಲ್ಪ ಹುಷಾರು. ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದಿಲ್ಲ. ಹೊಳೆಯ ಆಚೆ ದಡದ ನವಾಹೊ ಮೂಲನಿವಾಸಿಗಳ ನಾಡು ಮುಂದಿಡುತ್ತದೆ. ಮೊಬೈಲ್ ಗಡಿಯಾರ ಅತ್ತಿತ್ತ ಜಿಗಿಯುತ್ತಿರುತ್ತದೆ. ದೋಣಿಯ ಸಮಯವನ್ನು ಬಾಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ಮಕ್ಕಳು ಲಾಸ್ ವೇಗಸ್ ಕಡೆ ಇದ್ದರೆ ಲೀಸ್ ಫೆರಿ ತೀರಾ ದೂರ. ಅವರಿಗೆ ಅದೇ ನದಿಯ ಮೇಲೆ, ಹೂವರ್ ಅಣೆಕಟ್ಟಿನಿಂದ ಸುಮಾರು 18 ಕಿಲೋಮೀಟರ್ ಕೆಳಗೆ, ವಿಲೋ ಬೀಚ್ ಇದೆ. ನಗರದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಯೂ ಕಾರಣ ಅದೇ: ಅಣೆಕಟ್ಟಿನ ಆಳದಿಂದ ಬರುವ ನೀರು, ಸುಮಾರು 12 ಡಿಗ್ರಿ. ಕಯಾಕ್ ಬಾಡಿಗೆಗೆ ಸಿಗುತ್ತದೆ, ಪಕ್ಕದಲ್ಲೇ ಸರ್ಕಾರದ ಮೀನುಮರಿ ಕೇಂದ್ರವಿದೆ, ಮಕ್ಕಳಿಗೆ ಖುಷಿಯಾಗುತ್ತದೆ. ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಗಾಳಿ ಎದ್ದರೆ ಹುಟ್ಟು ಹಾಕುವುದು ಕಷ್ಟ. ಬೆಳಿಗ್ಗೆಯೇ ಹೋಗಿ, ಬಿಸಿಲೇರುವುದರೊಳಗೆ ಮುಗಿಸಿಕೊಂಡು ಬನ್ನಿ.